ಒಂದು ಊರು, ಎರಡು ಹಾಡು

2006ರಲ್ಲಿ ನಮ್ಮ ಶಾಖೆಯ ಹೆಡ್ ಕ್ಯಾಷಿಯರ್ ನಿವೃತ್ತರಾದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹಾಗಾಗಿ ಹುದ್ದೆಯಲ್ಲಿ ನಾನು ಮೇಲಿದ್ದರೂ ಎಲ್ಲರಂತೆ ನಾನೂ ಅವರನ್ನು 'ಕಾಕಾ' ಅಂತಲೇ ಕರೆಯುತ್ತಿದ್ದೆ. ಅವರ ತಂದೆ ಪರೇಲಿನ ಗಿರಣಿಯಲ್ಲಿ ದುಡಿದವರು. ಮೂಲ ಸಾಂಗಲಿ ಜಿಲ್ಲೆಯ ವಾಳವಾ ತಾಲೂಕು. ಬೀಳ್ಕೊಡುಗೆ ಅಂದರೆ ನಿಮಗೆ ಗೊತ್ತೇ ಇದೆ. ಸಮೋಸ, ವೇಫರ್ಸ್, ಒಂದು ಶಾಲು, ಒಂದು ತೆಂಗಿನಕಾಯಿ, ಆಮೇಲೆ 'ಏನಾದರೂ ಹಾಡಿ ಕಾಕಾ' ಎಂಬ ಒತ್ತಾಯ. ಅವರು ಮೇಜಿನ ಮೇಲೆ ಬೆರಳಿನಿಂದಲೇ ಹಲಗೆ ಬಾರಿಸಿಕೊಂಡು 'ಮಾಝೀ ಮೈನಾ ಗಾವಾವರ್ ರಾಹಿಲೀ' ಶುರು ಮಾಡಿದರು. ಊರಲ್ಲಿ ಹೆಂಡತಿಯನ್ನು ಬಿಟ್ಟು ಮುಂಬೈಗೆ ಬಂದವನೊಬ್ಬನ ಹಾಡು. ಇಡೀ ಬ್ಯಾಂಕಿಂಗ್ ಹಾಲ್ ಚಪ್ಪಾಳೆಯಲ್ಲಿ ತಾಳ ಹಾಕುತ್ತಿತ್ತು. ನಾನೂ ಹಾಕುತ್ತಿದ್ದೆ.

ಮುಕ್ಕಾಲು ಹಾಡು ಆದಮೇಲೆ ಕಾಕಾ ಥಟ್ಟನೆ ನಿಲ್ಲಿಸಿ ನನ್ನ ಕಡೆ ನೋಡಿ ನಕ್ಕರು. "ಮುಂದಿನದು ಬೇಡ ಸಾಹೇಬ್, ಅಲ್ಲಿ ನಿಮ್ಮ ಊರು ಬರುತ್ತೆ" ಅಂದರು.

ನನ್ನ ಊರು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ, ಬೆಳಗಾವಿ ಜಿಲ್ಲೆ. ಹಾಡಿನ ಕೊನೆಯಲ್ಲಿ ಬೆಳಗಾವಿ ಬರುತ್ತದೆ, ಕಾರವಾರ ಬರುತ್ತದೆ. ನಮ್ಮದಾಗಬೇಕಿದ್ದ ಊರುಗಳು ಬೇರೆಯವರ ಪಾಲಾದವು ಎಂಬ ದುಃಖದಲ್ಲಿ ಬರುತ್ತವೆ. ಅಲ್ಲಿಯವರೆಗೆ ಮುಂಬೈಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಆ ಹಾಡನ್ನು ನಾನು ಪೂರ್ತಿ ಕೇಳಿರಲಿಲ್ಲ ಅಂತ ಅವತ್ತೇ ಗೊತ್ತಾಗಿದ್ದು. ಆರ್ಕೆಸ್ಟ್ರಾದವರು, ಗಣೇಶೋತ್ಸವದವರು ಮೊದಲ ಭಾಗವನ್ನಷ್ಟೇ ಹಾಡಿ ಮುಗಿಸುತ್ತಿದ್ದರು. ಆ ಸಂಜೆ ಲೋಕಲ್ ಟ್ರೇನಿನಲ್ಲಿ ನಿಂತು ಬರುವಾಗ ಯೋಚನೆ ಹತ್ತಿಕೊಂಡಿತು.. ನನ್ನ ಜಿಲ್ಲೆಯನ್ನು ನನ್ನಿಂದ ಕೇಳುವ ಹಾಡಿಗೆ ನಾನು ಅಷ್ಟು ಹೊತ್ತು ಚಪ್ಪಾಳೆ ಹಾಕಿದ್ದು ಹೇಗೆ? ಅಂದಿನಿಂದ ಇಂದಿನವರೆಗೆ ಬಿಡುವಾದಾಗಲೆಲ್ಲ ಈ ಹಾಡುಗಳ ಬೆನ್ನು ಹತ್ತಿದ್ದೇನೆ. ನಾನು ಸಂಗೀತ ಬಲ್ಲವನಲ್ಲ, ಇತಿಹಾಸ ಓದಿದವನೂ ಅಲ್ಲ, ಬಿ.ಕಾಂ. ಆದವನು. ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬರುವುದಿಲ್ಲ, ಅಷ್ಟೇ.

ಹಾಡು ಬರೆದವರು ಅಣ್ಣಾಭಾವು ಸಾಠೆ. ಹುಟ್ಟಿದ್ದು 1920ರಲ್ಲಿ, ಅದೇ ವಾಳವಾ ತಾಲೂಕಿನ ವಾಟೆಗಾಂವಿನಲ್ಲಿ, ಮಾಂಗ್ ಎಂಬ ಅಸ್ಪೃಶ್ಯ ಜಾತಿಯಲ್ಲಿ. ಶಾಲೆ ಇಲ್ಲವೆನ್ನುವಷ್ಟು ಕಡಿಮೆ. ಹುಡುಗನಾಗಿದ್ದಾಗ ಮನೆಯವರ ಜೊತೆ ಊರಿಂದ ಮುಂಬೈಗೆ ನಡೆದುಕೊಂಡೇ ಬಂದವರು. ಮಾಟುಂಗಾದ ಲೇಬರ್ ಕ್ಯಾಂಪ್‌ನಲ್ಲಿ ಕಮ್ಯುನಿಸ್ಟರ ಸಂಗ ಸಿಕ್ಕಿತು. 1944ರಲ್ಲಿ ಅಮರ್ ಶೇಖ್, ದ. ನಾ. ಗವಾಣಕರ್ ಅವರ ಜೊತೆ ಸೇರಿ 'ಲಾಲ್ ಬಾವಟಾ ಕಲಾಪಥಕ' ಕಟ್ಟಿದರು. ಲಾಲ್ ಬಾವಟಾ ಅಂದರೆ ಕೆಂಬಾವುಟ. ಮೂವರಲ್ಲಿ ಅಮರ್ ಶೇಖ್ ಕಂಠ ದೊಡ್ಡದು. ಅವರು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯವರು, ಮೂಲ ಹೆಸರು ಮೆಹಬೂಬ್ ಹುಸೇನ್ ಪಟೇಲ್. ಒಬ್ಬ ಮುಸಲ್ಮಾನ, ಒಬ್ಬ ದಲಿತ, ಇಬ್ಬರೂ ಕಮ್ಯುನಿಸ್ಟರು. ಮಹಾರಾಷ್ಟ್ರದ ಅಭಿಮಾನವನ್ನು ಬೀದಿ ಬೀದಿಗೆ ಮುಟ್ಟಿಸಿದ ದನಿಗಳು ಇವು ಎಂಬುದನ್ನು ಇಂದು ಅಭಿಮಾನದ ಹೆಸರಿನಲ್ಲಿ ಕೂಗಾಡುವವರು ಎಷ್ಟು ಮಂದಿ ನೆನೆಯುತ್ತಾರೋ!

ಹಾಡಿನ ಕಟ್ಟಡ ನೋಡಿ. ಇದು ಛಕ್ಕಡ್ ಎಂಬ ಧಾಟಿ, ಲಾವಣಿಯ ಒಂದು ಬಗೆ, ಓಡುನಡೆಯದು. ಮೊದಲು ಹೆಂಡತಿಯ ರೂಪ, ಗುಣ. ಆಮೇಲೆ ಬಡತನ ಇಬ್ಬರನ್ನು ಅಗಲಿಸಿದ್ದು, ಹೊರಡುವ ಗಳಿಗೆ, ಅವಳಿಗೆ ಒಡವೆ ತರುತ್ತೇನೆಂಬ ಮಾತು. ಆಮೇಲೆ ಮುಂಬೈ.. ಇಲ್ಲಿನ ನಿರುದ್ಯೋಗಿಗಳ ಗುಂಪು, ಹಸಿವು. ಇಷ್ಟೂ ಹೊತ್ತು ರಾಜಕೀಯದ ಒಂದು ಮಾತೂ ಇಲ್ಲ. ಕೇಳುವವನು ತನ್ನದೇ ಕತೆ ಎಂದು ಪೂರಾ ಕರಗಿದ ಮೇಲೆ ಕವಿ ತಿರುವು ಕೊಡುತ್ತಾನೆ: ನನಗೂ ನನ್ನ ಮೈನಾಳಿಗೂ ಆದ ಅಗಲಿಕೆಯೇ ಈ ತುಂಡಾದ ಮಹಾರಾಷ್ಟ್ರಕ್ಕೂ ಆಗಿದೆ ಎಂದು. ಬೆಳಗಾವಿ, ಕಾರವಾರದ ಜೊತೆ ಡಾಂಗ್, ಉಂಬರಗಾಂವ್ ಹೆಸರೂ ಬರುತ್ತವೆ. ಆ ಎರಡು ಈಗ ಗುಜರಾತಿನಲ್ಲಿವೆ. ಗಡಿಯ ವಿಷಯದಲ್ಲಿ ಕೇಳುಗನ ತಲೆ ಹೌದು ಅನ್ನುವ ಮೊದಲೇ ಅವನ ಎದೆ ಹೌದು ಅಂದಾಗಿರುತ್ತದೆ. ಸಾಲ ಮಂಜೂರಾದ ಮೇಲೆ ಅರ್ಜಿ ತುಂಬಿಸಿಕೊಂಡ ಹಾಗೆ!

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಾಗ ಮರಾಠಿಗರಿಗೆ ಮುಂಬೈ ಸಹಿತವಾದ ಪ್ರತ್ಯೇಕ ರಾಜ್ಯ ಸಿಗಲಿಲ್ಲ. ಅದೇ ವರ್ಷ ನವೆಂಬರ್ 21ರಂದು ಫ್ಲೋರಾ ಫೌಂಟನ್ ಹತ್ತಿರ ಗೋಲಿಬಾರ್ ಆಯಿತು. 1956ರ ಜನವರಿಯಲ್ಲಿ ಮತ್ತೆ. ಒಟ್ಟು ಸತ್ತವರು ನೂರಕ್ಕೂ ಹೆಚ್ಚು. ಅವರ ನೆನಪಿಗೇ ಆ ಜಾಗ ಹುತಾತ್ಮಾ ಚೌಕ್ ಆಗಿದ್ದು. 1956ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಹುಟ್ಟಿತು. ಆ ವರ್ಷ ನವೆಂಬರ್ 1ಕ್ಕೆ ಮುಂಬೈ ಪ್ರಾಂತದಲ್ಲಿದ್ದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು (ಬೆಳಗಾವಿಯ ಚಂದಗಡ ತಾಲೂಕು ಮಾತ್ರ ಆ ಕಡೆ ಉಳಿಯಿತು). 1960ರ ಮೇ 1ಕ್ಕೆ ಮಹಾರಾಷ್ಟ್ರ ಆಯಿತು. ನಮಗೆ ಹಬ್ಬವಾದ ತಾರೀಖು ಅವರಿಗೆ ಕಳಕೊಂಡ ತಾರೀಖು. ನವೆಂಬರ್ 1ನ್ನು ಬೆಳಗಾವಿಯಲ್ಲಿ ಎಂ.ಇ.ಎಸ್.ನವರು ಕರಾಳ ದಿನ ಎಂದು ಆಚರಿಸುತ್ತ ಬಂದದ್ದು ಇದಕ್ಕೇ.

ಅಣ್ಣಾಭಾವು ರಾಜಕೀಯವನ್ನು ಹಾಡಿನ ಮಾತಿನಲ್ಲಿ ಮಾತ್ರ ಇಡಲಿಲ್ಲ, ಹಾಡಿನ ಚೌಕಟ್ಟಿನಲ್ಲೇ ಇಟ್ಟರು. ನನಗೆ ಬಹಳ ಹಿಡಿಸಿದ ಸಂಗತಿ ಇದು. ತಮಾಶಾ ಆಟ ಶುರುವಾಗುವುದು 'ಗಣ'ದಿಂದ, ಅಂದರೆ ಗಣಪತಿ ಸ್ತುತಿಯಿಂದ. ಆಮೇಲೆ 'ಗೌಳಣ', ಕೃಷ್ಣ ಮತ್ತು ಗೊಲ್ಲತಿಯರ ಸರಸ. ಫುಲೆಯವರು 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದ ಅನುಯಾಯಿಗಳು ತಮ್ಮ ಜಲಸಾಗಳಲ್ಲಿ ಈ ಚೌಕಟ್ಟನ್ನು ಮೊದಲೇ ಅಲುಗಾಡಿಸಿದ್ದರು. ಅಂಬೇಡ್ಕರರ ಚಳವಳಿಯ ಜಲಸಾದವರು ಇನ್ನೂ ಮುಂದೆ ಹೋದರು. ಅಣ್ಣಾಭಾವು ಗಣಪತಿಯ ಜಾಗದಲ್ಲಿ ನೆಲವನ್ನು, ದುಡಿಯುವವರನ್ನು, ಹೋರಾಡಿ ಸತ್ತವರನ್ನು ತಂದು ಕೂರಿಸಿದರು. ಗೌಳಣವನ್ನು ತೆಗೆದೇ ಹಾಕಿದರು. ಪ್ರೇಕ್ಷಕ ಕೈಮುಗಿಯಲು ಕೈ ಎತ್ತುವ ಹೊತ್ತಿಗೆ ಎದುರಿಗೆ ದೇವರಿಲ್ಲ, ಕೂಲಿಯವನಿದ್ದಾನೆ. ಇದಕ್ಕಿಂತ ಬಲವಾದ ಭಾಷಣ ಯಾವುದಿದೆ ಹೇಳಿ?

ಹಾಗೆಯೇ 'ಮುಂಬೈಚೀ ಲಾವಣಿ'. ಪಠ್ಠೇ ಬಾಪೂರಾವ್ ಎಂಬ ಹೆಸರಾಂತ ತಮಾಶಾ ಕವಿ (ಹುಟ್ಟಿನಿಂದ ಕುಲಕರ್ಣಿ ಬ್ರಾಹ್ಮಣ, ತಮಾಶಾದ ಹುಚ್ಚಿಗೆ ಜಾತಿ ಬಿಟ್ಟವನು) ಮುಂಬೈಯ ಬೆಡಗನ್ನು ಹೊಗಳಿ ಒಂದು ಲಾವಣಿ ಕಟ್ಟಿದ್ದ. ಅಣ್ಣಾಭಾವು ಅದಕ್ಕೆ ಉತ್ತರವಾಗಿ ಇನ್ನೊಂದು ಮುಂಬೈ ಲಾವಣಿ ಕಟ್ಟಿದರು. ಅದರಲ್ಲಿ ಮಲಬಾರ್ ಹಿಲ್ ಕೂಡ ಇದೆ, ಕೂಲಿಗಳ ಕೇರಿಯೂ ಇದೆ. ಧಾಟಿ ಅದೇ, ಊರು ಅದೇ, ಊರನ್ನು ನೋಡುವ ಕಿಟಕಿ ಮಾತ್ರ ಬೇರೆ. ಸರ್ಕಾರ ಇದನ್ನೆಲ್ಲ ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. 1940ರ ದಶಕದ ಕೊನೆಯಲ್ಲಿ ಮುಂಬೈ ಪ್ರಾಂತದಲ್ಲಿ ತಮಾಶಾದ ಮೇಲೆ ನಿಷೇಧ ಬಿತ್ತು, ಕಲಾಪಥಕದ ಮೇಲೂ ಬಿತ್ತು. ಅಣ್ಣಾಭಾವು ತಮ್ಮ ಆಟಕ್ಕೆ 'ಲೋಕನಾಟ್ಯ' ಅಂತ ಹೆಸರಿಟ್ಟುಕೊಂಡು ಮುಂದುವರಿದರು. ಖಾತೆಯ ಹೆಸರು ಬದಲಾಯಿಸಿದರೆ ಬಾಕಿ ಬದಲಾಗುತ್ತದೆಯೇ!

ಈಗ ನಮ್ಮ ಕಡೆಗೆ ಬರೋಣ. ಕಾಕಾ ಮೇಜು ಬಾರಿಸುತ್ತಿದ್ದಾಗ ನನ್ನ ಕೈ ತಾನಾಗಿ ತಾಳ ಹಾಕಿದ್ದಕ್ಕೆ ಕಾರಣ ಮರಾಠಿ ಅಲ್ಲ, ನಮ್ಮೂರಿನ ಜಾತ್ರೆ. ಬೈಲಹೊಂಗಲ ಸೀಮೆಯಲ್ಲಿ ಬೆಳೆದವರಿಗೆ ಗೀಗೀ ಮೇಳ ಹೊಸದಲ್ಲ. ಮುಂದೆ ಒಬ್ಬ ದಪ್ಪು ಹಿಡಿದು ಹಾಡುತ್ತಾನೆ, ಹಿಂದೆ ನಿಂತವರು ತುಂತುಣಿ, ತಾಳ ಹಿಡಿದು 'ಗೀಯ ಗಾ ಗೀಯ ಗಾ' ಎಂದು ಎಳೆಯುತ್ತಾರೆ. ಮರಾಠಿ ಪೋವಾಡಾದಲ್ಲೂ ಹಿಂದಿನವರು 'ಜೀ ಜೀ' ಎಂದು ಎಳೆಯುತ್ತಾರೆ. ಅದೇ ದಪ್ಪು, ಅದೇ ತುಂತುಣಿ. ನಮ್ಮಲ್ಲಿ ಹರದೇಶಿ-ನಾಗೇಶಿ ವಾದದ ಹಾಡು, ಅವರಲ್ಲಿ ಕಲ್ಗಿ-ತುರಾ. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ರಾತ್ರಿಯಿಡೀ ಜಗಳ, ಬೆಳಗಾದರೆ ಒಟ್ಟಿಗೆ ಚಹಾ. ಲಾವಣಿ ಎಂಬ ಹೆಸರೇ ಎರಡೂ ಕಡೆ ಒಂದು. ಯಾರು ಯಾರಿಂದ ಕಲಿತರು ಎಂಬ ಚರ್ಚೆ ಪಂಡಿತರಿಗೆ ಇರಲಿ. ಬೆಳಗಾವಿ ಯಾರದು ಎಂದು ವಾದಿಸುವ ಎರಡು ಹಾಡುಗಳೂ ಒಂದೇ ಅಂಗಡಿಯ ದಪ್ಪು ಬಾರಿಸುತ್ತವೆ ಎಂಬುದಷ್ಟೇ ನನಗೆ ಕುತೂಹಲ.

ನಮ್ಮ ಕಡೆಯ ಲಾವಣಿಗೆ ರಾಜಕೀಯ ಹೊಸತೂ ಅಲ್ಲ. ಕಿತ್ತೂರಿನ ಯುದ್ಧ 1824ರಲ್ಲಿ. ರಾಣಿ ಚೆನ್ನಮ್ಮ 1829ರಲ್ಲಿ ತೀರಿಕೊಂಡದ್ದು ಬೈಲಹೊಂಗಲದ ಸೆರೆಯಲ್ಲಿ, ಸಮಾಧಿ ಅಲ್ಲೇ ಇದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಪುಸ್ತಕಗಳಿಗಿಂತ ಬಹಳ ಮೊದಲೇ ರಾಯಣ್ಣನನ್ನು ಉಳಿಸಿದ್ದು ಹಾಡುಗಾರರು. ತಮಾಷೆ ಅಂದರೆ ಅವನ್ನು ಮೊದಲು ಅಚ್ಚು ಹಾಕಿಸಿದವರಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ. ಶಾಸನಗಳಿಗೆ ಹೆಸರಾದ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕೆಲವು ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ರಾಯಣ್ಣನದು ಇದೆ, 1857ರ ಹಲಗಲಿ ಬೇಡರದು ಇದೆ, ಆದಾಯ ತೆರಿಗೆಯ ಮೇಲೂ ಒಂದಿದೆ! 1860ರಲ್ಲಿ ಈ ದೇಶಕ್ಕೆ ಇನ್‌ಕಮ್ ಟ್ಯಾಕ್ಸ್ ಬಂತು. ಹಳ್ಳಿಯ ಹಾಡುಗಾರ ಅದನ್ನೂ ಬಿಡಲಿಲ್ಲ. ಪ್ರತಿ ಮಾರ್ಚಿನಲ್ಲಿ ಟಿ.ಡಿ.ಎಸ್. ಲೆಕ್ಕ ಮಾಡುವಾಗ ನನಗೆ ಆ ಅನಾಮಿಕ ಕವಿಯ ನೆನಪು ಬರುತ್ತದೆ.

ನಂದಗಡದ ಹೆಸರು ಎತ್ತಿದೆನಲ್ಲ, ಅದಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು 1924.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಗದಗಿನ ವಕೀಲರು, ನಾಟಕಕಾರರು ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಮೊಳಗಿದ್ದು ಆ ಸಂದರ್ಭದಲ್ಲಿ. ಅಧಿವೇಶನದಲ್ಲಿ ಸ್ವಾಗತ ಹಾಡಿದ ಹುಡುಗಿಯರಲ್ಲಿ ಒಬ್ಬಳಿಗೆ ಹನ್ನೊಂದು ವರ್ಷ. ಮುಂದೆ ಅವರೇ ಗಂಗೂಬಾಯಿ ಹಾನಗಲ್. ಹಾಡುವ ಕುಲದಿಂದ ಬಂದ ಆ ಹುಡುಗಿಗೆ ಗಾಂಧೀಜಿಯ ಮುಂದೆ ಹಾಡುವ ಭಯಕ್ಕಿಂತ, ಜಾತಿಯ ಕಾರಣಕ್ಕೆ ಊಟದ ಹೊತ್ತಿನಲ್ಲಿ ಏನು ಅವಮಾನವಾದೀತೋ ಎಂಬ ಅಂಜಿಕೆ ಇತ್ತು. ಹಿರಿಯರಾದ ಮೇಲೆ ಅದನ್ನು ಅವರು ನೆನೆಯುತ್ತಿದ್ದರು. ಏಕೀಕರಣದ ಇತಿಹಾಸ ಹೇಳುವವರು ಹಾಡನ್ನು ಹೇಳುತ್ತಾರೆ, ಈ ಅಂಜಿಕೆಯನ್ನು ಬಿಟ್ಟುಬಿಡುತ್ತಾರೆ. ನನಗೇಕೋ ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ ಅನಿಸುತ್ತದೆ. ನಾಡು ಚೆಲುವಾಗಿ ಉದಯಿಸಲಿ, ಸರಿ, ಆದರೆ ಅದರ ಪಂಕ್ತಿಯಲ್ಲಿ ಹಾಡಿದವರಿಗೆ ಎಲೆ ಎಲ್ಲಿ ಹಾಕುತ್ತೀರಿ? ಐವತ್ತು ವರ್ಷದ ನಂತರ ಸಿದ್ಧಲಿಂಗಯ್ಯನವರ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹೊಡೆದು ಬೀದಿಯಲ್ಲಿ ಹಾಡಿದಾಗ ಕೇಳಿದ್ದು ಇಂಥ ಪ್ರಶ್ನೆಯನ್ನೇ. ನಲವತ್ತೇಳರ ಸ್ವಾತಂತ್ರ್ಯ ಬಂದದ್ದು ಯಾರಿಗೆ ಎಂದು. ಅಣ್ಣಾಭಾವು 1947ರ ಆಗಸ್ಟ್ 16ರಂದೇ, ಸ್ವಾತಂತ್ರ್ಯಕ್ಕೆ ಒಂದು ದಿನ ತುಂಬಿದಾಗ, ಮುಂಬೈಯ ಸುರಿಮಳೆಯಲ್ಲಿ ಮೆರವಣಿಗೆ ಮಾಡಿ ಅದನ್ನು ಕೇಳಿದ್ದರು.

'ಉದಯವಾಗಲಿ' ಎಂಬ ಕ್ರಿಯಾಪದವನ್ನು ಗಮನಿಸಿ. 'ಆಗಿದೆ' ಅಲ್ಲ, 'ಆಗಲಿ'. 1924ರಲ್ಲಿ ಕನ್ನಡ ನಾಡು ಎಂಬುದು ಭೂಪಟದಲ್ಲಿ ಇರಲೇ ಇಲ್ಲ. ಮುಂಬೈ ಪ್ರಾಂತ, ಮದರಾಸು ಪ್ರಾಂತ, ಮೈಸೂರು, ಹೈದರಾಬಾದು, ಕೊಡಗು, ಇವುಗಳ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಅಂತ ಸಂಸ್ಥಾನಗಳು. ಕಾಂಗ್ರೆಸ್ಸಿನ ರಾಷ್ಟ್ರೀಯ ವೇದಿಕೆಯ ನೆರಳಿನಲ್ಲಿ ಒಂದು ಇಲ್ಲದ ನಾಡಿಗೆ ಬಯಕೆಯ ಹಾಡು ಕಟ್ಟಿದ್ದು ಆ ಕಾಲಕ್ಕೆ ದೊಡ್ಡ ರಾಜಕೀಯ. ಮೂವತ್ತೆರಡು ವರ್ಷದಲ್ಲಿ ಬಯಕೆ ತೀರಿತು. ತೀರಿದ ಮೇಲೆ 'ಆಗಲಿ' ಎಂಬ ಹಾಡು ಸ್ವಲ್ಪ ಕೆಲಸವಿಲ್ಲದಂತಾಯಿತು. 2004ರ ಜನವರಿಯಲ್ಲಿ ಸರ್ಕಾರ ನಾಡಗೀತೆ ಎಂದು ಒಪ್ಪಿದ್ದು ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ'ಯನ್ನು. ಅದರ ಹೆಸರಲ್ಲೇ ಬೇರೆ ರಾಜಕೀಯವಿದೆ. ಇಲ್ಲಿ ನಾಡು ಬೇಡುತ್ತಿಲ್ಲ, ತಾನು ಭಾರತದ ಮಗಳು ಎಂದು ಸಂಬಂಧ ಹೇಳಿಕೊಂಡು ಗೌರವದಿಂದ ನಿಂತಿದೆ. ಮಗಳು ಮನೆಯವಳೇ, ಆದರೂ ಅವಳಿಗೆ ತನ್ನದೇ ಹೆಸರಿದೆ.

ಮಾತು ಒಪ್ಪಿದ ಮೇಲೂ ಧಾಟಿಯ ಜಗಳ ಮುಗಿಯಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವಥ್ ಅವರ ಧಾಟಿಯೋ ಎಂದು ವರ್ಷಗಟ್ಟಲೆ ಎಳೆದು, 2022ರಲ್ಲಿ ಅನಂತಸ್ವಾಮಿಯವರದೇ ಎಂದು ಆದೇಶವಾಯಿತು, ಹಾಡಲು ಎರಡು ನಿಮಿಷ ಮೂವತ್ತು ಸೆಕೆಂಡು ಎಂದೂ ಗೊತ್ತುಮಾಡಿದರು. ಹೊರಗಿನವರಿಗೆ ಇದು ನಗೆಪಾಟಲು ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಕಟಕಟೆಯಲ್ಲಿ ನಿಲ್ಲಿಸಿ ಅಳೆಯುವಷ್ಟು ಬಲ ಒಂದು ಧಾಟಿಗೆ ಇದೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತಲ್ಲ! ಮಹಾರಾಷ್ಟ್ರವೂ 2023ರಲ್ಲಿ 'ಜಯ ಜಯ ಮಹಾರಾಷ್ಟ್ರ ಮಾಝಾ'ವನ್ನು ರಾಜ್ಯಗೀತೆ ಮಾಡಿತು. ರಾಜಾ ಬಢೆ ಬರೆದದ್ದು, ಶ್ರೀನಿವಾಸ ಖಳೆ ಸಂಗೀತ, ಹಾಡಿದ್ದು ಶಾಹೀರ್ ಸಾಬಳೆ. ಮಕ್ಕಳ ಶಾಲೆಯ ಕಾರ್ಯಕ್ರಮಗಳಲ್ಲಿ ಎಷ್ಟೋ ಸಲ ಎದ್ದು ನಿಂತು ಕೇಳಿದ್ದೇನೆ. ಅದರಲ್ಲಿ ನದಿಗಳ ಹೆಸರು ಬರುವಾಗ ಕೃಷ್ಣೆ ಬರುತ್ತಾಳೆ. ಪ್ರತಿ ಸಲ ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ, ಮುಂದೆ ಆಲಮಟ್ಟಿಗೆ ಬರುವವಳು ಇವಳೇ ಅಲ್ಲವೇ ಎಂದು.

ಗಂಗೂಬಾಯಿಯವರ ವಿಷಯದಲ್ಲಿ ಇನ್ನೊಂದು ಮಾತು. ಬೆಳಗಾವಿಯಲ್ಲಿ ಹಾಡಿದ ಹುಡುಗಿ 1930ರ ದಶಕದಲ್ಲಿ ಮುಂಬೈಗೆ ಬಂದು ಎಚ್.ಎಂ.ವಿ.ಗೆ ಗ್ರಾಮಾಫೋನ್ ತಟ್ಟೆ ಕೊಟ್ಟರು. ಜಿ. ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆಯನ್ನೂ ಹಾಡಿದರು. ಕುಮಾರ ಗಂಧರ್ವರು ಹುಟ್ಟಿದ್ದು ಅಧಿವೇಶನದ ವರ್ಷವೇ, 1924ರಲ್ಲಿ, ಬೆಳಗಾವಿ ಹತ್ತಿರದ ಸೂಳೇಭಾವಿಯಲ್ಲಿ. ಮುಂಬೈಯಲ್ಲಿ ಕಲಿತರು, ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದರು. ಅವರ ಬಗ್ಗೆ ಗಡಿ ತಂಟೆ ಯಾರೂ ಎತ್ತಿದ್ದು ನನಗೆ ಗೊತ್ತಿಲ್ಲ. ಖಯಾಲಿನಲ್ಲಿ ಮಾತು ಕಡಿಮೆ, ಅದಕ್ಕೇ ಇರಬೇಕು. ಊರಿನ ಹೆಸರು ಹಾಡಿನೊಳಗೆ ಬಂದ ಕೂಡಲೇ ಹಾಡು ದಸ್ತಾವೇಜು ಆಗಿಬಿಡುತ್ತದೆ.

ನಿಜವಾದ ದಸ್ತಾವೇಜು ಬಂದದ್ದು 1967ರಲ್ಲಿ. ಹಿಂದಿನ ವರ್ಷ ನೇಮಕವಾಗಿದ್ದ ಮಹಾಜನ ಆಯೋಗ ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ ಎಂದಿತು. ಆದರೆ ನಿಪ್ಪಾಣಿ, ಖಾನಾಪುರದ ಕಡೆಯ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ಜತ್ತ ಮುಂತಾದ ಕಡೆಯ 247 ಹಳ್ಳಿಗಳು ನಮಗೆ ಎಂದಿತು. ಅವರಿಗೆ ಶಿಫಾರಸಾದದ್ದರಲ್ಲಿ ನಂದಗಡವೂ ಇತ್ತು. ರಾಯಣ್ಣನ ನಂದಗಡ! ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ. ಕರ್ನಾಟಕ 'ಮಹಾಜನ ವರದಿಯೇ ಅಂತಿಮ' ಎನ್ನುತ್ತಲೇ ಬಂದಿದೆ, ಆದರೆ ಹಾಗೆ ಘೋಷಣೆ ಕೂಗುವ ನಮ್ಮವರಲ್ಲಿ ಎಷ್ಟು ಮಂದಿಗೆ ಆ ವರದಿಯಲ್ಲಿ ನಂದಗಡ ನಮ್ಮ ಕೈ ಬಿಡುತ್ತದೆ ಎಂದು ತಿಳಿದಿದೆ? ನಾನು ಕೇಳಿದ ಹತ್ತು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. 264 ಮತ್ತು 247 ಎಂಬ ಅಂಕಿಗೆ ಯಾರೂ ಧಾಟಿ ಹಾಕಲಿಲ್ಲ ನೋಡಿ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ 2006ರಲ್ಲಿ ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ ನಡೆಸಿತು, 2012ರಲ್ಲಿ ಸುವರ್ಣ ವಿಧಾನಸೌಧ ಕಟ್ಟಿತು. ಕಾಗದ, ಕಟ್ಟಡ ಎಲ್ಲ ಆಯಿತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಹಾಡು.

'ಮಾಝೀ ಮೈನಾ'ದ ಕೊನೆಯ ಭಾಗ ಕೇಳಿ ಕನ್ನಡಿಗನಾದ ನನಗೆ ಸಿಟ್ಟು ಬರಲಿಲ್ಲವೇ ಅಂತ ನೀವು ಕೇಳಬಹುದು. ಮೊದಲು ಬಂತು. ಆಮೇಲೆ ನೆನಪಾದದ್ದು ಕಯ್ಯಾರ ಕಿಞ್ಞಣ್ಣ ರೈಗಳು. 1956ರಲ್ಲಿ ಬೆಳಗಾವಿ ನಮಗೆ ಬಂದ ಅದೇ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಕಯ್ಯಾರರು 'ಬೆಂಕಿ ಬಿದ್ದಿದೆ ಮನೆಗೆ' ಎಂದು ಕೂಗಿದರು. ಮನೆ ಹೊತ್ತಿಕೊಂಡಾಗ ನೆರೆಯವರನ್ನು ಕರೆಯುವ ದನಿ ಅದು. ಮಂಗಳೂರು ಕಡೆಯ ನನ್ನ ಸಹೋದ್ಯೋಗಿಗಳಲ್ಲಿ ಆ ಹಾಡು ಕೇಳಿ ಇಂದಿಗೂ ಕಣ್ಣು ಒದ್ದೆ ಮಾಡಿಕೊಳ್ಳುವವರಿದ್ದಾರೆ. ಅಣ್ಣಾಭಾವು ಹೆಂಡತಿ ದೂರವಾದಳೆಂದರು, ಕಯ್ಯಾರರು ಮನೆ ಉರಿಯುತ್ತಿದೆ ಎಂದರು. ಇಬ್ಬರೂ ಭೂಪಟ ಎಂಬ ಒಣ ಕಾಗದವನ್ನು ಸಂಸಾರದ ಸಂಕಟ ಮಾಡಿಬಿಟ್ಟರು. ಕಾಸರಗೋಡಿನ ಹಾಡಿಗೆ ನ್ಯಾಯ ಇದೆ, ಬೆಳಗಾವಿಯ ಹಾಡಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಬೆಳಗಾವಿ ಕರ್ನಾಟಕದಲ್ಲೇ ಇರಬೇಕು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಬೆಳಗಾವಿಯ ಮರಾಠಿ ಮನೆಯೊಂದರಲ್ಲಿ ಆ ಹಾಡು ಹಾಡುವ ಮುದುಕ ನನ್ನ ವೈರಿ ಅನ್ನಿಸುವುದು ನಿಂತಿತು.

ಇನ್ನೊಂದು ಸಂಗತಿ ಕ್ರಮೇಣ ತಿಳಿಯಿತು. ಆ ಹಾಡಿನಲ್ಲಿ ಎರಡು ರಾಜಕೀಯ ಇದೆ. ಕೊನೆಯ ಭಾಗದ್ದು ಭಾಷೆಯ ರಾಜಕೀಯ. ಮೊದಲ ಮುಕ್ಕಾಲು ಭಾಗದ್ದು ಹೊಟ್ಟೆಯ ರಾಜಕೀಯ. ಆ ಮುಕ್ಕಾಲು ಭಾಗ ಮರಾಠಿಯವನದು ಮಾತ್ರ ಅಲ್ಲ. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದು ಹೋಟೆಲಿನ ಅಟ್ಟದ ಮೇಲೆ ಮಲಗಿ, ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಓದಿದ ನಮ್ಮ ದಕ್ಷಿಣ ಕನ್ನಡದ ಹುಡುಗರದ್ದೂ ಹೌದು. ಕಟ್ಟಡ ಕೆಲಸಕ್ಕೆ ಬಂದ ಬಿಜಾಪುರ, ಗುಲ್ಬರ್ಗಾದವರದ್ದೂ ಹೌದು. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ನಾವೆಲ್ಲ ನಾಟಕ ನೋಡಲು, ಹರಟೆಗೆ ಹೋಗುವ ಜಾಗ. ಅಣ್ಣಾಭಾವು ಬದುಕಿದ್ದ ಲೇಬರ್ ಕ್ಯಾಂಪ್ ಅಲ್ಲಿಂದ ಬಹಳ ದೂರವೇನೂ ಇಲ್ಲ. ಎಷ್ಟು ವರ್ಷ ಆ ಕಡೆ ಓಡಾಡಿದ್ದೇನೆ, ಒಮ್ಮೆಯೂ ಈ ಎರಡನ್ನು ಜೋಡಿಸಿ ಯೋಚಿಸಿರಲಿಲ್ಲ. ಅಣ್ಣಾಭಾವು 1969ರಲ್ಲಿ ಬಡತನದಲ್ಲೇ ತೀರಿಕೊಂಡರು. ಅಂಚೆಚೀಟಿ ಬಂತು, 2022ರಲ್ಲಿ ಮಾಸ್ಕೋದಲ್ಲಿ ಪ್ರತಿಮೆಯೂ ಆಯಿತು. ಅಮರ್ ಶೇಖ್ ತೀರಿಕೊಂಡದ್ದೂ 1969ರಲ್ಲೇ, ಅವರಾದ ತಿಂಗಳೊಪ್ಪತ್ತಿನಲ್ಲಿ.

ಈಗಿನ ರಾಜ್ಯೋತ್ಸವದ ಹಾಡುಗಳ ಬಗ್ಗೆ ಬರೆಯಬೇಕಿತ್ತು, ಆದರೆ ನನಗೆ ಅದರಲ್ಲಿ ಅಷ್ಟು ಆಸಕ್ತಿ ಉಳಿದಿಲ್ಲ. 1982ರ ಗೋಕಾಕ ಚಳವಳಿಯ ವರ್ಷ ನಾನು ಹೈಸ್ಕೂಲಿನಲ್ಲಿದ್ದೆ. ರಾಜಕುಮಾರ್ ಬೀದಿಗಿಳಿದರು ಎಂಬುದೇ ಆಗ ಒಂದು ಸಂಗೀತದ ಹಾಗಿತ್ತು. 1993ರ 'ಆಕಸ್ಮಿಕ' ಚಿತ್ರದ ಹಂಸಲೇಖರ ಹಾಡು ಹೊರದೇಶದ ಕನ್ನಡ ಕೂಟಗಳವರೆಗೂ ಹೋಯಿತು. ಈಚೆಗೆ ಒಂದು ನವೆಂಬರ್ 1ಕ್ಕೆ ಬೆಳಗಾವಿಯಲ್ಲಿದ್ದೆ. ಚೆನ್ನಮ್ಮ ವೃತ್ತದ ಹತ್ತಿರ ಡಿ.ಜೆ. ಸದ್ದಿಗೆ ಎದೆ ನಡುಗುತ್ತಿತ್ತು, ಹಾಡಿನ ಮಾತು ಒಂದೂ ಕೇಳುತ್ತಿರಲಿಲ್ಲ. ಗಣೇಶೋತ್ಸವಕ್ಕೆ ನಮ್ಮ ಸೊಸೈಟಿ ಎದುರು ಬರುವ ಡಿ.ಜೆ.ಗೂ ಇದಕ್ಕೂ ವ್ಯತ್ಯಾಸ ಬಾವುಟದ ಬಣ್ಣದ್ದು ಮಾತ್ರ.

ಕಾಕಾ ನಿವೃತ್ತರಾದ ಎರಡು ತಿಂಗಳಿಗೆ ಅವರ ಪಿಂಚಣಿ ಕಾಗದದ ನೆಪದಲ್ಲಿ ಮನೆಗೆ ಹೋದೆ. ಲಾಲಬಾಗಿನ ಹಳೆಯ ಚಾಳು, ಮೂರನೇ ಮಹಡಿ. ಕಾಕೂ ಕಾಂದಾಪೋಹೆ ಮಾಡಿಕೊಟ್ಟರು. ತಿಂದು ಮುಗಿಸಿ, "ಕಾಕಾ, ಅವತ್ತು ನಿಲ್ಲಿಸಿದ್ದು ಇವತ್ತು ಪೂರ್ತಿ ಮಾಡಿ" ಅಂದೆ. ಅವರು ನನ್ನ ಮುಖ ನೋಡಿದರು. "ಬೇಜಾರು ಮಾಡ್ಕೊಳ್ಳಲ್ಲ ತಾನೇ ಸಾಹೇಬ್?" ಎಂದು ಕೇಳಿ, ಗೋಡೆಗೆ ಒರಗಿ ಹಾಡಿದರು. ಬೆಳಗಾವಿ ಬಂದಾಗ ದನಿ ತಗ್ಗಿಸಲಿಲ್ಲ, ಅದು ನನಗೆ ಇಷ್ಟವಾಯಿತು. ಅವರ ತಂದೆ ಶಿವಾಜಿ ಪಾರ್ಕಿನ ಸಭೆಗೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರಂತೆ, ಅಮರ್ ಶೇಖ್ ದನಿ ಕೇಳಿದ ನೆನಪು ಮಸುಕಾಗಿ ಇದೆಯಂತೆ.

"ಈಗ ನಿಮ್ಮದು" ಅಂದರು.

ನನಗೆ ಹಾಡಲು ಬರುವುದಿಲ್ಲ. ಆದರೂ ಶಾಲೆಯಲ್ಲಿ ಕಲಿತ 'ಉದಯವಾಗಲಿ' ಹೇಳಿದೆ, ಶ್ರುತಿ ತಾಳ ಯಾವುದೂ ಇಲ್ಲದೆ. ಕಾಕಾ ಮೂರನೆಯ ಸಾಲಿಗೇ ಸ್ಟೀಲ್ ತಟ್ಟೆಯ ಮೇಲೆ ತಾಳ ಹಿಡಿದರು. ಮುಗಿದ ಮೇಲೆ ಕಾಕೂ ಒಳಗಿನಿಂದ ಕೇಳಿದರು, "ಇದರಲ್ಲಿ ಬೆಳಗಾವಿ ಎಲ್ಲೂ ಬರಲೇ ಇಲ್ಲವಲ್ಲ?"

"ಇಲ್ಲ, ಅಲ್ಲೇ ನಿಂತು ಹಾಡಿದ್ದು" ಅಂದೆ.

ಕಾಕಾ ನಕ್ಕು, ಇನ್ನೊಂದು ಸಲ ಚಹಾಕ್ಕೆ ಹೇಳಿದರು.